ಇಂಗಿನಲ್ಲಿ ಸಿಕ್ಕ ಬಿಸಿಲ ತಡೆ

ಹ್ಲಾಸಿವೆಟ್ಸ್ ಮತ್ತು ಬಾರ್ತ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು 1866ರಲ್ಲಿ ಇಂಗಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದರು. ಇಂಗು ಕೊಡುವ ಗಿಡದ ಕುಲ ಫೆರುಲಾ, ಹಾಗಾಗಿ ಅದು ಫೆರುಲಿಕ್ ಆಮ್ಲ. ಸಾರಿನ ಒಗ್ಗರಣೆಯ ಈ ನೆಂಟ ಈಗ ಚರ್ಮಕ್ಕೆ ಹಚ್ಚುವ ದುಬಾರಿ ಸೀರಮ್ ಬಾಟಲಿಗಳಲ್ಲಿ ಮೆರೆಯುತ್ತಿದೆ. ಮೆರೆಯಲು ಕಾರಣವೂ ಇದೆ.

ಬಿಸಿಲಿನ ಯುವಿ-ಬಿ ಎಂಬ ನೇರಳಾತೀತ ಕಿರಣಗಳು ಚರ್ಮದ ಜೀವಕೋಶದೊಳಗಿನ ಡಿಎನ್‌ಎಗೇ ಕೈಹಾಕುತ್ತವೆ. ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಥೈಮಿನ್ ಘಟಕಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಜೀವಕೋಶ ಆ ತುಣುಕನ್ನು ಕತ್ತರಿಸಿ ಸರಿಪಡಿಸದಿದ್ದರೆ ಮುಂದಿನ ನಕಲಿನಲ್ಲಿ ತಪ್ಪು ನುಸುಳುತ್ತದೆ. ಚರ್ಮದ ಕ್ಯಾನ್ಸರ್ ಶುರುವಾಗುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ಯುವಿ-ಎ ಇನ್ನೂ ಆಳಕ್ಕಿಳಿದು, ಕಂಡದ್ದನ್ನೆಲ್ಲ ಕೆಡಿಸುವ ಪುಂಡ ಆಮ್ಲಜನಕದ ಅಣುಗಳನ್ನು ಹುಟ್ಟಿಸುತ್ತದೆ.

ಫೆರುಲಿಕ್ ಆಮ್ಲ ಎರಡಕ್ಕೂ ಅಡ್ಡ ನಿಲ್ಲುತ್ತದೆ. ಅದರ ಬೆಂಜೀನ್ ಉಂಗುರವೂ ಪಕ್ಕದ ಜೋಡಿಬಂಧವೂ ಸೇರಿ ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತವೆ. ಪುಂಡ ಅಣು ಎದುರಾದರೆ ಒಂದು ಹೈಡ್ರೋಜನ್ ಕೊಟ್ಟು ತಣಿಸುತ್ತದೆ. ಕೊಟ್ಟ ಮೇಲೆ ಉಳಿಯುವ ಒಂಟಿ ಎಲೆಕ್ಟ್ರಾನ್ ಇಡೀ ಅಣುವಿನಲ್ಲಿ ಹಂಚಿಹೋಗುವುದರಿಂದ ಆಮ್ಲ ತಾನೇ ಪುಂಡಾಟಕ್ಕಿಳಿಯುವುದಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮತಜ್ಞ ಶೆಲ್ಡನ್ ಪಿನ್ನೆಲ್ ಅವರ ತಂಡ 2005ರಲ್ಲಿ ಇದನ್ನು ಹಂದಿಯ ಚರ್ಮದ ಮೇಲೆ ಪರೀಕ್ಷಿಸಿದ ವರದಿ ಪ್ರಕಟಿಸಿತು. ಶೇ 15 ವಿಟಮಿನ್ ಸಿ, ಶೇ 1 ವಿಟಮಿನ್ ಇ ಇದ್ದ ದ್ರಾವಣದ ರಕ್ಷಣೆ, ಏನೂ ಹಚ್ಚದ ಚರ್ಮಕ್ಕೆ ಹೋಲಿಸಿದರೆ, ಸುಮಾರು 4 ಪಟ್ಟು. ಬರೀ ಶೇ 0.5ರಷ್ಟು ಫೆರುಲಿಕ್ ಆಮ್ಲ ಬೆರೆಸಿದ್ದೇ ತಡ, ಅದು 8 ಪಟ್ಟಾಯಿತು! ಅಂಟಿಕೊಂಡ ಥೈಮಿನ್ ಜೋಡಿಗಳೂ ಕಡಿಮೆಯಾದವು. ಬೇಗ ಕೆಡುವ ವಿಟಮಿನ್ ಸಿ ಬಾಟಲಿಯಲ್ಲಿ ಹೆಚ್ಚು ಕಾಲ ಉಳಿದದ್ದು ಇನ್ನೊಂದು ಲಾಭ.

ರಾಗಿಯ ಹೊಟ್ಟಿನಲ್ಲೂ ಅಕ್ಕಿಯ ತೌಡಿನಲ್ಲೂ ಇದೇ ಆಮ್ಲ ಧಾರಾಳವಾಗಿದೆ. ಹಾಗೆಂದು ಮುಖಕ್ಕೆ ರಾಗಿಹಿಟ್ಟು ಬಳಿದುಕೊಂಡರೆ ಪ್ರಯೋಜನವಿಲ್ಲ. ಕಾಳಿನಲ್ಲಿ ಅದರ ಬಹುಪಾಲು ಕೋಶಭಿತ್ತಿಯ ನಾರಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಬಿಡಿಸಲು ಕ್ಷಾರವೋ ಕಿಣ್ವವೋ ಬೇಕು. ರಾಗಿ ಮುದ್ದೆಯಾಗಿಯೇ ಚೆನ್ನ.

ಗಿಡದಿಂದ ಬಂದದ್ದೆಲ್ಲ ಚರ್ಮವನ್ನು ಕಾಯುತ್ತದೆ ಎಂಬ ನಂಬಿಕೆಗೆ ನಿಂಬೆಯೇ ಉತ್ತರ. ಅದರ ಸಿಪ್ಪೆಯಲ್ಲಿರುವ ಫ್ಯೂರೊಕೌಮರಿನ್‌ಗಳು ಯುವಿ-ಎ ತಗುಲಿದೊಡನೆ ಡಿಎನ್‌ಎಗೆ ಅಂಟಿಕೊಂಡು ಚರ್ಮ ಸುಟ್ಟು ಬೊಬ್ಬೆ ಏಳಿಸಬಲ್ಲವು. ಬಾವಂಚಿ ಬೀಜದ ಸೊರಾಲೆನ್ ಕೂಡ ಇದೇ ಗುಂಪಿನದು. ತೊನ್ನಿನ ಚಿಕಿತ್ಸೆಯಲ್ಲಿ ವೈದ್ಯರು ಸೊರಾಲೆನ್‌ಗಳನ್ನು ಯುವಿ-ಎ ಬೆಳಕಿನೊಡನೆ ಅಳತೆ ತಪ್ಪದಂತೆ ಬಳಸುತ್ತಾರೆ.

ಆದ್ದರಿಂದ ನಿಂಬೆಹೋಳು ಉಜ್ಜಿಕೊಂಡು ಬಿಸಿಲಿಗೆ ಹೋಗಬೇಡಿ. ಫೆರುಲಿಕ್ ಸೀರಮ್ ಹಚ್ಚಿದರೂ ಅದರ ಮೇಲೆ ಸನ್‌ಸ್ಕ್ರೀನ್ ಬೇಕೇ ಬೇಕು.