ಚಿಂಪಾಂಜಿಗೆ ಬೋನಲ್ಲ, ಊರು ಬೇಕು

1980ರ ಒಂದು ಬೆಳಿಗ್ಗೆ. ನೆದರ್‌ಲೆಂಡ್ಸ್ ದೇಶದ ಆರ್ನೆಮ್ ನಗರದಲ್ಲಿರುವ ಬರ್ಗರ್ಸ್ ಮೃಗಾಲಯದ ರಾತ್ರಿ ಕೋಣೆಯೊಂದರಲ್ಲಿ ಲೌಟ್ ಎಂಬ ಗಂಡು ಚಿಂಪಾಂಜಿ ರಕ್ತದ ಮಡುವಿನಲ್ಲಿ ಕುಳಿತಿತ್ತು. ಮೈತುಂಬ ಆಳವಾದ ಗಾಯಗಳು. ಕೈಕಾಲುಗಳ ಕೆಲವು ಬೆರಳುಗಳು ತುಂಡಾಗಿದ್ದವು. ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿದರೂ ಅದು ಬದುಕಲಿಲ್ಲ. ಅದನ್ನು ಕೊಂದದ್ದು ಹೊರಗಿನಿಂದ ಬಂದ ಶತ್ರುವಲ್ಲ. ವರ್ಷಗಟ್ಟಲೆ ಅದರ ಜೊತೆಯಲ್ಲೇ ಬಾಳಿದ, ಆ ರಾತ್ರಿಯೂ ಅದೇ ಕೋಣೆಗಳಲ್ಲಿ ಮಲಗಿದ್ದ ಯೆರೂನ್ ಮತ್ತು ನಿಕಿ ಎಂಬ ಎರಡು ಗಂಡುಗಳು.

ಇದು ಯಾವುದೋ ಕೊಳಕು ಬೋನಿನಲ್ಲಿ ನಡೆದ ಘಟನೆಯಾಗಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ ಆರ್ನೆಮ್ ಎಂದರೆ ಚಿಂಪಾಂಜಿಗಳನ್ನು ಹೇಗೆ ಸಾಕಬೇಕು ಎಂಬುದಕ್ಕೆ ಆಗ ಜಗತ್ತೇ ತೋರಿಸುತ್ತಿದ್ದ ಮಾದರಿ. ಒಂಟಿಯಾಗಿಟ್ಟರೆ ಕೊರಗುವ ಪ್ರಾಣಿ ಇದು. ಒಟ್ಟಿಗೆ ಇಟ್ಟರೆ ಹೀಗೂ ಆಗುತ್ತದೆ. ಹಾಗಾದರೆ ಇದನ್ನು ಇಡುವುದಾದರೂ ಹೇಗೆ? ಕಳೆದ ನೂರು ವರ್ಷಗಳಲ್ಲಿ ಮೃಗಾಲಯಗಳು ಈ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರಗಳ ಕಥೆ ಕುತೂಹಲಕರವಾದುದು.

ಚಹಾಕೂಟದ ಕಾಲ

ಮೊದಲು ಆ ಪ್ರಶ್ನೆಯೇ ಯಾರಿಗೂ ಹೊಳೆದಿರಲಿಲ್ಲ. ಲಂಡನ್ ಮೃಗಾಲಯದಲ್ಲಿ 1926ರಿಂದ 1972ರವರೆಗೆ ಚಿಂಪಾಂಜಿಗಳ ಚಹಾಕೂಟ ಜನಪ್ರಿಯ ಮನರಂಜನೆಯಾಗಿತ್ತು. ಮರಿಗಳನ್ನು ಮೇಜಿನ ಮುಂದೆ ಕೂರಿಸಿ ಚಹಾ, ತಿಂಡಿ ಕೊಡುತ್ತಿದ್ದರು. ಅವು ಬಟ್ಟಲು ಚೆಲ್ಲಿ ರಂಪ ಮಾಡಿದಷ್ಟೂ ನೋಡುವವರಿಗೆ ನಗು.

ಆದರೆ ಚಿಂಪಾಂಜಿ ಮರಿಯಾಗಿಯೇ ಉಳಿಯುವುದಿಲ್ಲ. ಎಂಟು ಹತ್ತು ವರ್ಷ ತುಂಬುವಷ್ಟರಲ್ಲಿ ಅದರ ಬಲದ ಮುಂದೆ ಮನುಷ್ಯನ ಬಲ ಏನೂ ಅಲ್ಲ. ಆಮೇಲೆ ಅದಕ್ಕೆ ಸಿಗುತ್ತಿದ್ದುದು ಕಬ್ಬಿಣದ ಸರಳುಗಳ ಬೋನು, ಸಿಮೆಂಟಿನ ನೆಲ. ತೊಳೆಯಲು ಸುಲಭ, ರೋಗ ಹರಡುವುದಿಲ್ಲ ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ನೆಗಡಿ, ಕ್ಷಯದಂಥ ಮನುಷ್ಯರ ಕಾಯಿಲೆಗಳು ಚಿಂಪಾಂಜಿಗೂ ತಗಲುವುದರಿಂದ ಈ ಕಾರಣ ಪೂರ್ತಿ ಸುಳ್ಳೂ ಅಲ್ಲ. ಆದರೆ ಅಂಥ ಬೋನಿನಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಇದ್ದ ಪ್ರಾಣಿಗಳು ಗಂಟೆಗಟ್ಟಲೆ ಹಿಂದೆ ಮುಂದೆ ತೂಗಾಡುತ್ತ ಕೂರುತ್ತಿದ್ದವು, ತಮ್ಮ ಮೈಕೂದಲನ್ನು ತಾವೇ ಕಿತ್ತುಕೊಳ್ಳುತ್ತಿದ್ದವು. ಮನುಷ್ಯರ ಕೈಯಲ್ಲೇ ಬೆಳೆದ ಎಷ್ಟೋ ಹೆಣ್ಣುಗಳಿಗೆ ತಮಗೆ ಮರಿ ಹುಟ್ಟಿದಾಗ ಅದನ್ನು ಎತ್ತಿಕೊಳ್ಳುವುದೂ ತಿಳಿಯುತ್ತಿರಲಿಲ್ಲ. ತಾಯ್ತನ ಹುಟ್ಟಿನಿಂದಲೇ ಬರುವ ವಿದ್ಯೆಯಲ್ಲ, ಗುಂಪಿನಲ್ಲಿ ನೋಡಿ ಕಲಿಯುವ ವಿದ್ಯೆ ಎಂಬುದು ಆಗ ಗೊತ್ತಾಗತೊಡಗಿತು.

ಕಾಡಿನ ಪಾಠ

1960ರಲ್ಲಿ ಜೇನ್ ಗುಡಾಲ್ ಎಂಬ ಇಂಗ್ಲಿಷ್ ತರುಣಿ ಟಾಂಜಾನಿಯಾದ ಗೊಂಬೆ ಕಾಡಿಗೆ ಹೋದರು. ಅವರೂ, ಅನಂತರ ಬಂದ ಇತರ ವಿಜ್ಞಾನಿಗಳೂ ದಶಕಗಳ ಕಾಲ ನೋಡಿ ಬರೆದಿಟ್ಟ ವಿವರಗಳಿಂದ ಚಿಂಪಾಂಜಿಯ ಸಮಾಜದ ಚಿತ್ರ ಸಿಕ್ಕಿತು.

ಒಂದು ಚಿಂಪಾಂಜಿ ಸಮುದಾಯದಲ್ಲಿ ಇಪ್ಪತ್ತರಿಂದ ನೂರೈವತ್ತರವರೆಗೆ ಸದಸ್ಯರಿರಬಹುದು. ಆದರೆ ಅವೆಲ್ಲ ಒಂದೇ ಕಡೆ ಸೇರುವುದು ಅಪರೂಪ. ಬೆಳಿಗ್ಗೆ ನಾಲ್ಕು ಒಂದು ಕಡೆ, ಆರು ಇನ್ನೊಂದು ಕಡೆ ಹೋಗುತ್ತವೆ. ಮಧ್ಯಾಹ್ನ ಹಣ್ಣು ತುಂಬಿದ ಮರದಡಿ ಹತ್ತು ಹದಿನೈದು ಸೇರುತ್ತವೆ. ಸಂಜೆಗೆ ಮತ್ತೆ ಚದುರಿ, ಎಲೆ ಕೊಂಬೆಗಳನ್ನು ಬಾಗಿಸಿ ಹೊಸ ಹಾಸಿಗೆ ಮಾಡಿಕೊಂಡು ಮರದ ಮೇಲೆ ಮಲಗುತ್ತವೆ. ಕೆಲವು ಪರಸ್ಪರ ಮುಖ ನೋಡದೆ ದಿನಗಳೇ ಕಳೆಯಬಹುದು. ನಮ್ಮ ಹಳ್ಳಿಯವರು ಹೊಲಕ್ಕೆ, ಸಂತೆಗೆ, ನೆಂಟರ ಮನೆಗೆ ಹೋಗಿ ಬಂದರೂ ಒಂದೇ ಊರಿನವರಾಗಿ ಉಳಿಯುವ ಹಾಗೆ ಇದು. ಜಗಳವಾಡಿ ಸೋತ ಗಂಡು ಕೆಲವು ದಿನ ದೂರ ಹೋಗಿದ್ದು, ಬಿಸಿ ಆರಿದ ಮೇಲೆ ಹಿಂತಿರುಗುತ್ತದೆ. ದೂರ ಹೋಗಲು ಜಾಗವಿದೆ ಎಂಬುದೇ ಅದರ ಪ್ರಾಣರಕ್ಷಣೆ.

ಗಂಡುಗಳು ಹುಟ್ಟಿದ ಸಮುದಾಯದಲ್ಲೇ ಉಳಿಯುತ್ತವೆ; ಪ್ರಾಯಕ್ಕೆ ಬಂದ ಹೆಣ್ಣುಗಳು ಸಾಮಾನ್ಯವಾಗಿ ತವರು ಬಿಟ್ಟು ಬೇರೆ ಸಮುದಾಯ ಸೇರುತ್ತವೆ. ಮರಿ ನಾಲ್ಕೈದು ವರ್ಷ ತಾಯಿಯ ಹಾಲು ಕುಡಿಯುತ್ತದೆ. ನೆರೆಯ ಸಮುದಾಯದ ಗಂಡುಗಳೆಂದರೆ ಶತ್ರುಗಳು. ಗೊಂಬೆಯಲ್ಲಿ 1974ರಿಂದ 1978ರ ಅವಧಿಯಲ್ಲಿ ಒಂದು ಗುಂಪಿನ ಗಂಡುಗಳು, ತಮ್ಮಿಂದಲೇ ಬೇರೆಯಾಗಿ ಹೋಗಿದ್ದ ಇನ್ನೊಂದು ಗುಂಪಿನ ಗಂಡುಗಳನ್ನು ಹುಡುಕಿ ಹುಡುಕಿ ಕೊಂದವು. ಎಲ್ಲೆಲ್ಲಿಂದಲೋ ತಂದ ಗಂಡುಗಳನ್ನು ಒಂದೇ ಬೋನಿಗೆ ತಳ್ಳುವುದು ಎಂಥ ಅಪಾಯ ಎಂಬುದು ಇದರಿಂದಲೇ ತಿಳಿಯುತ್ತದೆ.

ಕಂದಕದ ನಡುವಿನ ಊರು

ಈ ತಿಳಿವಳಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದದ್ದು ಆರ್ನೆಮ್. 1971ರಲ್ಲಿ ಅಲ್ಲಿ ಆಂಟನ್ ವಾನ್ ಹೂಫ್ ಮತ್ತು ಅವರ ಸಹೋದರ, ಜೀವವಿಜ್ಞಾನಿ ಯಾನ್ ವಾನ್ ಹೂಫ್ ಸೇರಿ ಸುಮಾರು ಎರಡು ಎಕರೆಯ ದ್ವೀಪವನ್ನು ಚಿಂಪಾಂಜಿಗಳಿಗೆ ಬಿಟ್ಟುಕೊಟ್ಟರು. ಸುತ್ತ ನೀರಿನ ಕಂದಕ. ಚಿಂಪಾಂಜಿಗೆ ಈಜು ಬಾರದು. ಒಂದು ಗುಂಪಿನಲ್ಲಿ ಒಂದೇ ವಯಸ್ಕ ಗಂಡು ಇರಬೇಕು ಎಂಬ ಅಂದಿನ ಎಚ್ಚರಿಕೆಯನ್ನು ಬದಿಗಿಟ್ಟು ಹಲವು ಗಂಡು, ಹೆಣ್ಣು, ಮರಿಗಳನ್ನು ಒಟ್ಟಿಗೆ ಬಿಟ್ಟರು. ಮುಂದೆ ಗುಂಪಿನ ಸಂಖ್ಯೆ ಇಪ್ಪತ್ತೈದರ ಆಸುಪಾಸಿಗೆ ಬಂತು. ಮರಗಳ ತೊಗಟೆ ಉಳಿಯಲೆಂದು ವಿದ್ಯುತ್ ತಂತಿ ಸುತ್ತಿದರೆ, ಚಿಂಪಾಂಜಿಗಳು ಮುರಿದ ಕೊಂಬೆಗಳನ್ನೇ ಏಣಿಯಂತೆ ಒರಗಿಸಿ ತಂತಿ ದಾಟಿ ಮರ ಹತ್ತಿದವು!

1975ರಲ್ಲಿ ಫ್ರಾನ್ಸ್ ಡಿ ವಾಲ್ ಎಂಬ ಯುವ ಸಂಶೋಧಕ ಇಲ್ಲಿಗೆ ಬಂದು ವರ್ಷಗಟ್ಟಲೆ ಈ ಗುಂಪನ್ನು ನೋಡುತ್ತ ಕುಳಿತರು. 1982ರಲ್ಲಿ ಹೊರಬಂದ ಅವರ 'ಚಿಂಪಾಂಜಿ ಪಾಲಿಟಿಕ್ಸ್' ಪುಸ್ತಕಕ್ಕೆ ಇಲ್ಲಿನ ಯೆರೂನ್, ಲೌಟ್, ನಿಕಿಗಳ ಅಧಿಕಾರದ ಆಟವೇ ವಸ್ತು. ಇಬ್ಬರು ಸೇರಿ ಮೂರನೆಯವನನ್ನು ಉರುಳಿಸುವುದು, ಪಕ್ಷ ಬದಲಿಸುವುದು, ಹೆಣ್ಣುಗಳ ಬೆಂಬಲ ಗಿಟ್ಟಿಸುವುದು ಎಲ್ಲವೂ ಅಲ್ಲಿತ್ತು.

ಅಧಿಕಾರದ ಆಟಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಅಲ್ಲಿ ಬೆಳಕಿಗೆ ಬಂತು. ಜಗಳವಾಡಿದ ಎರಡು ಚಿಂಪಾಂಜಿಗಳು ಸ್ವಲ್ಪ ಹೊತ್ತಿನಲ್ಲೇ ಪರಸ್ಪರ ಹುಡುಕಿಕೊಂಡು ಬಂದು ಕೈ ಚಾಚಿ, ಅಪ್ಪಿ, ಮುತ್ತಿಟ್ಟು ರಾಜಿಯಾಗುವುದನ್ನು 1979ರಲ್ಲಿ ಡಿ ವಾಲ್ ವೈಜ್ಞಾನಿಕವಾಗಿ ದಾಖಲಿಸಿದರು. ರಾಜಿಯಾಗಲು ಹಿಂಜರಿಯುವ ಗಂಡುಗಳನ್ನು ಒಂದೆಡೆ ತಂದು ಕೂರಿಸುವ ಕೆಲಸ ಹಿರಿಯ ಹೆಣ್ಣುಗಳದು. ಅವುಗಳಲ್ಲಿ ಮುಖ್ಯವಾದದ್ದು 'ಮಾಮಾ'. ನಮಗೆ ಮಾಮ ಎಂದರೆ ತಾಯಿಯ ಅಣ್ಣತಮ್ಮ; ಡಚ್ಚರಿಗೆ ಮಾಮಾ ಎಂದರೆ ಅಮ್ಮ. ಹೆಸರಿಗೆ ತಕ್ಕಂತೆ ಇಡೀ ಗುಂಪಿಗೆ ಅದು ಹಿರಿತಾಯಿಯಾಗಿತ್ತು.

ಮರಿಗಳ ವಿಷಯದಲ್ಲೂ ಗುಂಪೇ ದಾರಿ ತೋರಿತು. ಕಿವುಡಾಗಿದ್ದ ತಾಯಿಗೆ ಮರಿಯ ಅಳು ಕೇಳಿಸುತ್ತಿರಲಿಲ್ಲ. ಇನ್ನೊಂದು ಹೆಣ್ಣಿಗೆ ಹಾಲು ಸಾಲದೆ ಹಿಂದೆ ಮರಿಗಳು ಸತ್ತಿದ್ದವು. ಕಿವುಡಿಯ ಮರಿಯನ್ನು ಮನುಷ್ಯರು ಎತ್ತಿಕೊಂಡು ಹೋಗಿ ಸಾಕುವ ಬದಲು, ಈ ಎರಡನೆಯ ಹೆಣ್ಣಿಗೆ ಸರಳುಗಳ ಆಚೆಯಿಂದಲೇ ಬಾಟಲಿಯಲ್ಲಿ ಹಾಲೂಡಿಸುವುದನ್ನು ಕಲಿಸಿದರು. ಅದು ಕಲಿತು ಆ ಮರಿಯನ್ನು ಸಾಕಿತು; ಮುಂದೆ ತನಗೆ ಹುಟ್ಟಿದ ಮರಿಯನ್ನೂ ಹಾಗೆಯೇ ಉಳಿಸಿಕೊಂಡಿತು.

ಜಾಗ ಮುಖ್ಯವೋ, ಜೊತೆ ಮುಖ್ಯವೋ

ಚಳಿಗಾಲದಲ್ಲಿ ಆರ್ನೆಮ್‌ನ ಗುಂಪು ತಿಂಗಳುಗಟ್ಟಲೆ ಒಳಮನೆಯಲ್ಲೇ ಇರಬೇಕು. ಅಲ್ಲಿನ ದೊಡ್ಡ ಕೋಣೆಯ ಉದ್ದ 21 ಮೀಟರ್, ಅಗಲ 18 ಮೀಟರ್. ದ್ವೀಪಕ್ಕೆ ಹೋಲಿಸಿದರೆ ಅಂಗೈಯಷ್ಟು ಜಾಗ. ಅಲ್ಲಿ ರಕ್ತಪಾತವೇ ಆಗಬಹುದು ಎಂದು ಊಹಿಸುವುದು ಸಹಜ. 1982ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡದ್ದೇ ಬೇರೆ. ಇಕ್ಕಟ್ಟಿನಲ್ಲಿ ಜಗಳ ಹೆಚ್ಚಿತಾದರೂ ಭಯಪಟ್ಟಷ್ಟು ಹೆಚ್ಚಲಿಲ್ಲ. ಅದರ ಜೊತೆಗೆ ಹೇನು ನೋಡುವ ಹಾಗೆ ಒಂದರ ಕೂದಲನ್ನು ಇನ್ನೊಂದು ಬಿಡಿಸುವುದು, ತಗ್ಗಿ ನಡೆಯುವುದು, ಸಮಾಧಾನ ಮಾಡುವುದು ಕೂಡ ಹೆಚ್ಚಿದವು. ತುಂಬಿದ ಮನೆಯಲ್ಲಿ ಮಾತು ಮೆತ್ತಗಾಗುವಂತೆ.

ಹಾಗಾದರೆ ಲೌಟ್ ಸತ್ತದ್ದೇಕೆ? ಅಧಿಕಾರಕ್ಕಾಗಿ ಮೂರೂ ಗಂಡುಗಳ ನಡುವೆ ಉದ್ವೇಗ ಏರಿದ್ದ ದಿನಗಳವು. ಯೆರೂನ್ ಮತ್ತು ನಿಕಿಯ ಜೋಡಿ ಮುರಿದು ಲೌಟ್ ಯಜಮಾನನಾಗಿತ್ತು. ಬೇರೆ ಬೇರೆ ಮಲಗಿಸಲು ನೋಡಿದರೂ ಅವು ಒಪ್ಪದೆ ಒಟ್ಟಿಗೇ ಇದ್ದವು. ಹಗಲಿನಲ್ಲಿ ದ್ವೀಪದ ಮೇಲೆ ಜಗಳವಾದರೆ ಓಡಿಹೋಗಲು ಜಾಗವಿತ್ತು, ಮಾಮಾ ಮತ್ತಿತರ ಹೆಣ್ಣುಗಳು ನಡುವೆ ಬರುತ್ತಿದ್ದವು. ರಾತ್ರಿಯ ಕೋಣೆಯಲ್ಲಿ ಇವೆರಡೂ ಇರಲಿಲ್ಲ. ತಪ್ಪು ಒಟ್ಟಿಗೆ ಇಟ್ಟದ್ದರಲ್ಲಿ ಇರಲಿಲ್ಲ. ಊರಿನ ಉಳಿದವರನ್ನೂ, ಹೊರಹೋಗುವ ಬಾಗಿಲನ್ನೂ ತೆಗೆದು, ಮೂರೇ ಗಂಡುಗಳನ್ನು ಒಳಗೆ ಉಳಿಸಿದಂತಾದದ್ದು ಮುಳುವಾಯಿತು.

ಕಂದಕವೂ ನಿರಪಾಯಕಾರಿಯಲ್ಲ. ಇದೇ ನಿಕಿ ಮುಂದೆ ಒಂದು ದಿನ ಕಂದಕದ ನೀರಿಗೆ ಬಿದ್ದು ಮುಳುಗಿ ಸತ್ತಿತು.

ಬಾಗಿಲುಗಳ ಮನೆ

ಇಂದಿನ ಚಿಂಪಾಂಜಿ ಮನೆಗಳ ವಿನ್ಯಾಸದಲ್ಲಿ ಈ ಪಾಠಗಳು ಕಾಣುತ್ತವೆ. ನೆಲದ ವಿಸ್ತೀರ್ಣದಷ್ಟೇ ಎತ್ತರವೂ ಬೇಕು. ಹತ್ತಲು ಕಂಬ, ಹಗ್ಗ, ಅಟ್ಟಣೆಗಳು ಬೇಕು. ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಮರೆ ಬೇಕು. ಪ್ರತಿ ಕೋಣೆಗೂ ಕನಿಷ್ಠ ಎರಡು ಬಾಗಿಲು ಬೇಕು. ಅಟ್ಟಿಸಿಕೊಂಡು ಬಂದದ್ದರಿಂದ ತಪ್ಪಿಸಿಕೊಂಡು ಓಡುವ ಪ್ರಾಣಿಗೆ ಮೂಲೆಯೇ ಯಮ. ಹಾಸಿಗೆಗೆ ಹುಲ್ಲು, ಹುಡುಕಿ ತಿನ್ನಲು ಅಲ್ಲಲ್ಲಿ ಎರಚಿದ ಆಹಾರ ಬೇಕು. ಹೊಸಬರನ್ನು ಒಮ್ಮೆಲೇ ಗುಂಪಿಗೆ ಬಿಡುವಂತಿಲ್ಲ. ಮೊದಲು ಜಾಲರಿಯ ಆಚೆಯಿಂದ ನೋಟ, ವಾಸನೆ, ಸ್ಪರ್ಶ. ಆಮೇಲೆ ಒಂದೆರಡರ ಭೇಟಿ. ಕೊನೆಗೆ ಇಡೀ ಗುಂಪು.

ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ಮೃಗಾಲಯ 2008ರಲ್ಲಿ ತೆರೆದ 'ಬುಡೊಂಗೊ ಟ್ರೇಲ್' ಇದಕ್ಕೆ ಒಳ್ಳೆಯ ಉದಾಹರಣೆ. ಒಂದಕ್ಕೊಂದು ಸೇರಿದ ಮೂರು ದೊಡ್ಡ ಕೋಣೆಗಳು, ಹೊರಗೆ ಹತ್ತಿ ಆಡಲು ಬಯಲು. ಯಾವಾಗ ಎಲ್ಲಿ, ಯಾರ ಜೊತೆ ಇರಬೇಕು ಎಂಬುದನ್ನು ಚಿಂಪಾಂಜಿಯೇ ಆರಿಸಿಕೊಳ್ಳಬಹುದು. ಕಾಡಿನಲ್ಲಿ ಚದುರಿ ಸೇರುವ ಬದುಕಿನ ಚಿಕ್ಕ ಅನುಕರಣೆ ಇದು. 2010ರಲ್ಲಿ ನೆದರ್‌ಲೆಂಡ್ಸ್‌ನ ಬೇಕ್ಸ ಬೆರ್ಗೆನ್ ಸಫಾರಿ ಪಾರ್ಕಿನಿಂದ ಬಂದ ಗುಂಪನ್ನು ಇಲ್ಲಿದ್ದ ಗುಂಪಿನೊಂದಿಗೆ ಹಂತಹಂತವಾಗಿ ಸೇರಿಸಲಾಯಿತು. ಒಂದೇ ಸೂರಿನಡಿ ಬಂದರೂ ಸ್ನೇಹ ಕುದುರಲು ವರ್ಷಗಳೇ ಹಿಡಿದವು. ಸ್ನೇಹ ಬೆಳೆದ ಮೇಲೆ ಸೇಬು ಕಂಡಾಗ ಡಚ್ ಚಿಂಪಾಂಜಿಗಳು ಹೊರಡಿಸುವ ಸದ್ದು ಸ್ಥಳೀಯ ಗುಂಪಿನ ಸದ್ದಿಗೆ ಹತ್ತಿರವಾಯಿತು ಎಂದು 2015ರಲ್ಲಿ ಸಂಶೋಧಕರು ಬರೆದರು. ಈ ತೀರ್ಮಾನವನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಎರಡು ಗುಂಪು ಒಂದಾದದ್ದರ ಬಗ್ಗೆ ವಿವಾದವಿಲ್ಲ.

ನಮ್ಮಲ್ಲಿ

1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಮೃಗಾಲಯದಲ್ಲಿ ಚಿಂಪಾಂಜಿಯ ಮನೆಯ ಮುಂದೆ ಸದಾ ಜನಜಂಗುಳಿ. ಭಾರತದಲ್ಲಿ 1992ರಲ್ಲಿ ಬಂದ ಮೃಗಾಲಯ ಮಾನ್ಯತಾ ನಿಯಮಗಳು, ಸರಿಯಾದ ಕಾರಣವಿಲ್ಲದೆ ಯಾವ ಪ್ರಾಣಿಯನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೋಡಿಯಿಲ್ಲದೆ ಇಡಬಾರದೆಂದು ಹೇಳಿದವು. ಅದು ದೊಡ್ಡ ಹೆಜ್ಜೆಯೇ. ಆದರೆ ಚಿಂಪಾಂಜಿಯ ಮಟ್ಟಿಗೆ ಜೋಡಿ ಎಂದರೆ ಸಮುದಾಯವಲ್ಲ. ಹುಲಿಗೆ ಒಪ್ಪುವ ಲೆಕ್ಕ ಇದಕ್ಕೆ ಒಪ್ಪದು. ಆಫ್ರಿಕಾದ ಈ ಪ್ರಾಣಿ ನಮ್ಮ ದೇಶದ ಮೃಗಾಲಯಗಳಲ್ಲಿ ಕೆಲವೇ ಕೆಲವು ಇರುವುದರಿಂದ, ಅಲ್ಲೊಂದು ಇಲ್ಲೊಂದು ಜೋಡಿ ಇಡಬೇಕೋ, ಒಂದೆಡೆ ದೊಡ್ಡ ಗುಂಪು ಕಟ್ಟಬೇಕೋ ಎಂಬ ಪ್ರಶ್ನೆ ಇಲ್ಲಿ ಇನ್ನಷ್ಟು ಗಂಭೀರ.

ಮಾಮಾ 2016ರಲ್ಲಿ 59ನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಸಾಯುವ ಕೆಲವು ದಿನ ಮೊದಲು ಯಾನ್ ವಾನ್ ಹೂಫ್ ಅದನ್ನು ನೋಡಲು ಹೋದಾಗ, ಮುದುಡಿ ಮಲಗಿದ್ದ ಮಾಮಾ ಗುರುತು ಹಿಡಿದು ಹಲ್ಲು ಬಿಟ್ಟು ನಕ್ಕು, ಅವರ ತಲೆ ನೇವರಿಸಿ, ಕೊರಳು ಬಳಸಿ ಹತ್ತಿರಕ್ಕೆಳೆದುಕೊಂಡಿತು. ಆ ಚಿತ್ರವನ್ನು ಲಕ್ಷಾಂತರ ಜನ ನೋಡಿದರು. ನಾಲ್ಕು ದಶಕಗಳಿಗೂ ಮಿಕ್ಕಿ ಒಂದು ಊರಿನಲ್ಲಿ ಹಿರಿತಾಯಿಯಾಗಿ ಬಾಳಿದ ಜೀವ ಅದು.

ಮುಂದಿನ ಸಲ ಮೃಗಾಲಯಕ್ಕೆ ಹೋದಾಗ ಚಿಂಪಾಂಜಿಯ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಎಷ್ಟು ಇವೆ, ಬೇಡವೆನಿಸಿದಾಗ ದೂರ ಹೋಗಲು ಜಾಗವಿದೆಯೇ ಎಂದು ಗಮನಿಸಿ. ಒಂದು ಚಿಂಪಾಂಜಿ ನಿಮಗೆ ಬೆನ್ನು ತಿರುಗಿಸಿ ಮರೆಗೆ ಹೋದರೆ, ಕೊಟ್ಟ ಟಿಕೆಟ್ ದುಡ್ಡು ದಂಡವಾಯಿತೆಂದು ಬೇಸರಪಡಬೇಡಿ. ಆ ಮರೆ ಇರುವುದು ಅದಕ್ಕೇ.