ಮ್ಯಾನೇಜರ್ ಹೋದ ಮೇಲೂ ಉಳಿಯಬೇಕಾದ ಉಳಿತಾಯ

ಗುಣಮಟ್ಟ ಸುಧಾರಿಸಿ ವೆಚ್ಚ ತಗ್ಗಿಸುವ ಕಾರ್ಯಕ್ರಮವನ್ನು ಸಣ್ಣ ಘಟಕಗಳು ಉತ್ಸಾಹದಿಂದಲೇ ಆರಂಭಿಸುತ್ತವೆ. ಅದನ್ನು ನಡೆಸುತ್ತಿದ್ದ ಅಧಿಕಾರಿ ಬೇರೆ ವೃತ್ತಿಗೆ ಹೊರಟೊಡನೆ ತಿರಸ್ಕೃತ ಮಾಲಿನ ರಾಶಿ ಮತ್ತೆ ಬೆಳೆಯುತ್ತದೆ.

ನಮ್ಮ ಭಾಗದಲ್ಲಿ ಇಂತಹ ಸ್ಥಾನಪಲ್ಲಟ ಹೊಸದಲ್ಲ. ತುಮಕೂರಿನಲ್ಲಿ ಕೈಗಡಿಯಾರ ಕಾರ್ಖಾನೆ ನಡೆಸುತ್ತಿದ್ದ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ನಿಖರತೆಯ ಶಿಸ್ತು ಬಲ್ಲವರು ನಡುವಯಸ್ಸಿನಲ್ಲಿ ಹೊಸ ದಾರಿ ಹುಡುಕಬೇಕಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ದೊಡ್ಡ ಕಾರ್ಖಾನೆ ಕೈಬೀಸಿ ಕರೆದರೆ ಸಣ್ಣ ಘಟಕದ ನುರಿತ ಮೇಲ್ವಿಚಾರಕನನ್ನು ತಡೆಯುವುದು ಕಷ್ಟ. ತಡೆಯುವುದು ನ್ಯಾಯವೂ ಅಲ್ಲ. ಅವನ ತಿಳಿವಳಿಕೆ ಮಾತ್ರ ಘಟಕದಲ್ಲಿ ಉಳಿಯಬೇಕು.

ಗುಣಮಟ್ಟದ ವೆಚ್ಚವನ್ನು ಅಮೆರಿಕದ ಆರ್ಮಂಡ್ ಫೈಗನ್‌ಬಾಮ್ 1956ರಲ್ಲಿಯೇ ತಡೆ, ತಪಾಸಣೆ, ವೈಫಲ್ಯ ಎಂದು ಮೂರಾಗಿ ವಿಂಗಡಿಸಿದರು. ನಮ್ಮ ಲೆಕ್ಕಪುಸ್ತಕಗಳಲ್ಲಿ ಮೊದಲೆರಡು ಕಣ್ಣಿಗೆ ಬೀಳುತ್ತವೆ. ಮೂರನೆಯದು ಕಚ್ಚಾ ಸಾಮಗ್ರಿಯ ಖಾತೆಯೊಳಗೆ ಅಡಗಿ ಕುಳಿತಿರುತ್ತದೆ. ಉದಾಹರಣೆಗೆ, ತಿಂಗಳಿಗೆ 10,000 ಬಿಡಿಭಾಗ ತಯಾರಿಸುವ ಘಟಕದಲ್ಲಿ ಶೇ. 3ರಷ್ಟು ತಿರಸ್ಕೃತವಾಗುತ್ತವೆ ಎನ್ನೋಣ. ಒಂದಕ್ಕೆ ತಯಾರಿಕಾ ವೆಚ್ಚ ರೂ. 60, ಗುಜರಿ ಬೆಲೆ ರೂ. 10 ಆದರೆ ಮಾಸಿಕ ನಷ್ಟ ರೂ. 15,000, ವಾರ್ಷಿಕ ರೂ. 1,80,000. ಪೂರ್ತಿ ನಾಶವಾದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಾದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಇನ್‌ಪುಟ್ ತೆರಿಗೆ ಜಮೆಯೂ ದೊರೆಯದು. ವರ್ತಕರೂ ಇದರಿಂದ ಹೊರತಲ್ಲ. ಕಡಬದ ಕಡೆಯಿಂದ ತೇವ ಆರದ ಕೊಬ್ಬರಿ ಕಳುಹಿಸಿ, ಬೂಷ್ಟು ಹಿಡಿದು ವಾಪಸಾದರೆ ಎರಡು ಕಡೆಯ ಲಾರಿ ಬಾಡಿಗೆಯೂ ವೈಫಲ್ಯದ ವೆಚ್ಚವೇ.

ಆದ್ದರಿಂದ ‘ತಿರಸ್ಕೃತ ಮಾಲು’, ‘ಮರುಕೆಲಸ’, ‘ವಾಪಸಾತಿ’ ಎಂದು ಪ್ರತ್ಯೇಕ ಖಾತೆ ತೆರೆಯಬೇಕು. ತಿಂಗಳ ಲಾಭ-ನಷ್ಟ ತಃಖ್ತೆಯೊಡನೆ ಮಾಲೀಕರು ಸ್ವತಃ ಅವನ್ನು ನೋಡಬೇಕು. ಗೋಡೆಗೆ ಅಂಟಿಸಿದ ಘೋಷಣೆಗಳಿಂದ ಈ ಕೆಲಸ ಆಗದು. ಯಂತ್ರದ ಹೊಂದಾಣಿಕೆ, ಯಾವ ಪೂರೈಕೆದಾರನ ಮಾಲಿನಲ್ಲಿ ಯಾವ ದೋಷ ಎಂಬ ವಿವರಗಳನ್ನು ಕನ್ನಡದಲ್ಲಿಯೇ ಒಂದು ವಹಿಯಲ್ಲಿ ಬರೆಸಿ, ಇಬ್ಬರಿಗಾದರೂ ಕಲಿಸಿರಬೇಕು. ಹೊರಡುವ ಅಧಿಕಾರಿ ನೋಟಿಸ್ ಅವಧಿಯಲ್ಲಿ ಆ ವಹಿಯನ್ನು ಉತ್ತರಾಧಿಕಾರಿಯೊಡನೆ ಯಂತ್ರದ ಮುಂದೆಯೇ ಪರಿಶೀಲಿಸಲಿ. ದೊಡ್ಡ ಸಂಸ್ಥೆಯಿಂದ ನಿವೃತ್ತರಾದ ಅನುಭವಿಗಳನ್ನು ವಾರಕ್ಕೆರಡು ದಿನ ಸಲಹೆಗಾರರಾಗಿ ಕರೆಸುವುದೂ ಪೂರ್ಣಾವಧಿ ಸಂಬಳಕ್ಕಿಂತ ಅಗ್ಗ.

ಕೇಂದ್ರ ಸರ್ಕಾರದ ‘ಜೆಡ್’ ಯೋಜನೆಯನ್ನು 2022ರಲ್ಲಿ ಪರಿಷ್ಕರಿಸಿದಾಗ ಪ್ರಮಾಣೀಕರಣ ವೆಚ್ಚಕ್ಕೆ ಅತಿಸಣ್ಣ ಘಟಕಗಳಿಗೆ ಶೇ. 80, ಸಣ್ಣವಕ್ಕೆ ಶೇ. 60, ಮಧ್ಯಮದವಕ್ಕೆ ಶೇ. 50 ಸಹಾಯಧನ ನಿಗದಿಯಾಯಿತು. ಅರ್ಜಿಗೆ ಮುನ್ನ ಮೇಲಿನ ಖಾತೆಗಳು ಆರು ತಿಂಗಳಾದರೂ ನಡೆದಿದ್ದರೆ ಸಿದ್ಧತೆ ಸುಲಭ.