ಕೆಲಸ ಇಲ್ಲಿಯದು, ವಾಸ ಥಾಯ್ಲೆಂಡಿನಲ್ಲಿ: ಡಿಟಿವಿ ವೀಸಾ ಪಡೆಯುವ ಬಗೆ

ಸಂಬಳ ಬೆಂಗಳೂರಿನದು, ಬಾಡಿಗೆ ಮನೆ ಚಿಯಾಂಗ್ ಮಾಯ್‌ನಲ್ಲಿ. ಈ ಆಸೆಯಿದ್ದವರು ಮೊದಲೆಲ್ಲ ಪ್ರವಾಸಿ ವೀಸಾದಲ್ಲಿ ಹೋಗಿ ಸದ್ದಿಲ್ಲದೆ ಲ್ಯಾಪ್‌ಟಾಪ್ ತೆರೆಯುತ್ತಿದ್ದರು. 2024ರ ಜುಲೈನಲ್ಲಿ ಥಾಯ್ಲೆಂಡ್ ಸರ್ಕಾರ ‘ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ’, ಅಂದರೆ ಡಿಟಿವಿ, ತಂದ ಮೇಲೆ ಇದಕ್ಕೊಂದು ರಾಜಮಾರ್ಗ ಸಿಕ್ಕಿದೆ. ವೀಸಾದ ಅವಧಿ 5 ವರ್ಷ. ಎಷ್ಟು ಸಲವಾದರೂ ಹೋಗಿ ಬರಬಹುದು. ಆದರೆ ಒಂದು ಸಲಕ್ಕೆ 180 ದಿನ ಮಾತ್ರ. ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ ಮತ್ತೊಂದು 180 ದಿನ ಕೇಳಬಹುದು. ಆ ಗೋಜೇ ಬೇಡವೆಂದು ಗಡಿ ದಾಟಿ ಮರಳಿ ಬರುವವರೂ ಇದ್ದಾರೆ. ಆಗ ದಿನಗಳ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಅರ್ಜಿದಾರರಿಗೆ 20 ವರ್ಷ ತುಂಬಿರಬೇಕು. ಥಾಯ್ಲೆಂಡಿನ ಹೊರಗಿದ್ದುಕೊಂಡೇ, ಅಲ್ಲಿನ ಸರ್ಕಾರದ ಇ-ವೀಸಾ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಶುಲ್ಕ 10,000 ಬಾತ್. ಆಯಾ ರಾಯಭಾರ ಕಚೇರಿ ಅದನ್ನು ತನ್ನ ಊರಿನ ಹಣದಲ್ಲಿ ನಿಗದಿ ಮಾಡುತ್ತದೆ. ಅರ್ಜಿ ತಿರಸ್ಕೃತವಾದರೆ ಶುಲ್ಕ ವಾಪಸ್ ಬರುವುದಿಲ್ಲ. ಖಾತೆಯಲ್ಲಿ 5 ಲಕ್ಷ ಬಾತ್‌ಗೆ ಸಮನಾದ ಹಣವಿದೆಯೆಂದು ಬ್ಯಾಂಕ್ ಸ್ಟೇಟ್‌ಮೆಂಟ್ ಮೂಲಕ ತೋರಿಸಬೇಕು. ರೂಪಾಯಿಯಲ್ಲಿ ಅದು ಹತ್ತು ಲಕ್ಷಕ್ಕೂ ಮೀರುತ್ತದೆ. ಈ ಮೊತ್ತ ಕೆಲವು ತಿಂಗಳಿಂದ ಖಾತೆಯಲ್ಲೇ ಇದ್ದರೆ ಒಳ್ಳೆಯದು. ಕಳೆದ ವಾರ ಅಪ್ಪನ ಖಾತೆಯಿಂದ ಬಂದು ಬಿದ್ದ ದುಡ್ಡು ಅಧಿಕಾರಿಯ ಕಣ್ಣಿಗೆ ಬೀಳದೆ ಇರುವುದಿಲ್ಲ.

ನಿಜವಾದ ತೊಡಕು ದುಡ್ಡಲ್ಲ, ಕಂಪನಿಯ ಪತ್ರ. ‘ಇವರು ನಮ್ಮ ನೌಕರರು, ವಿದೇಶದಿಂದ ಕೆಲಸ ಮಾಡಲು ಒಪ್ಪಿಗೆ ಇದೆ’ ಎಂದು ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕು. ಮನೆಯಿಂದ ಕೆಲಸ ಮಾಡಿ ಎಂದು ಧಾರಾಳವಾಗಿ ಹೇಳುವ ಎಚ್‌ಆರ್ ವಿಭಾಗವೂ ಈ ಪತ್ರ ಕೇಳಿದರೆ ಹಿಂದೆ ಸರಿಯುತ್ತದೆ. ಕಾರಣವೂ ಇದೆ. ಗ್ರಾಹಕರ ಮಾಹಿತಿ ದೇಶದಾಚೆ ಹೋಗಬಾರದೆಂಬ ಒಪ್ಪಂದ ಇರಬಹುದು. ನೌಕರ ಕೂತ ದೇಶದಲ್ಲಿ ಕಂಪನಿಗೇ ತೆರಿಗೆಯ ಹೊಣೆ ಬಂದೀತೆಂಬ ಅಂಜಿಕೆಯೂ ಉಂಟು. ಆದ್ದರಿಂದ ಪತ್ರ ಕೈಗೆ ಬರುವ ತನಕ ಶುಲ್ಕ ಕಟ್ಟಬೇಡಿ, ಟಿಕೆಟ್ಟಂತೂ ಬೇಡವೇ ಬೇಡ. ಫ್ರೀಲಾನ್ಸ್ ಮಾಡುವವರು ಗ್ರಾಹಕರೊಂದಿಗಿನ ಒಪ್ಪಂದ, ಇನ್‌ವಾಯ್ಸ್, ಮಾಡಿದ ಕೆಲಸದ ಮಾದರಿಗಳನ್ನು ಜೋಡಿಸಬೇಕು. ಮುಯೆ ಥಾಯ್ ಇಲ್ಲವೇ ಥಾಯ್ ಅಡುಗೆ ಕಲಿಯಲು ಹೋಗುವವರಿಗೂ ಇದೇ ವೀಸಾ ಸಿಗುತ್ತದೆ, ಆದರೆ ಅವರು ಕೊಡಬೇಕಾದ ಕಾಗದಪತ್ರ ಬೇರೆ. ಗಂಡ ಅಥವಾ ಹೆಂಡತಿ ಮತ್ತು 20ರೊಳಗಿನ ಮಕ್ಕಳನ್ನು ಕರೆದೊಯ್ಯಬಹುದು; ಪ್ರತಿಯೊಬ್ಬರಿಗೂ ಬೇರೆ ಅರ್ಜಿ, ಬೇರೆ ಶುಲ್ಕ.

ಈ ವೀಸಾ ಇಟ್ಟುಕೊಂಡು ಥಾಯ್ ಕಂಪನಿಯ ನೌಕರಿ ಮಾಡುವಂತಿಲ್ಲ. ಅದಕ್ಕೆ ವರ್ಕ್ ಪರ್ಮಿಟ್ ಬೇಕು.

ತೆರಿಗೆಯ ಪ್ರಶ್ನೆಯನ್ನು ವೀಸಾ ಬಗೆಹರಿಸುವುದಿಲ್ಲ. ಜನವರಿಯಿಂದ ಡಿಸೆಂಬರ್‌ವರೆಗೆ ಒಟ್ಟು 180 ದಿನ ಅಲ್ಲಿದ್ದರೆ ನೀವು ಥಾಯ್ ತೆರಿಗೆ ನಿವಾಸಿ. 2024ರಿಂದ ಗಳಿಸಿದ ವಿದೇಶಿ ಆದಾಯವನ್ನು ಆ ದೇಶದೊಳಗೆ ತಂದರೆ ಅದು ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಇತ್ತ ಭಾರತದ ಖಾತೆಗೆ ಬೀಳುವ ಸಂಬಳಕ್ಕೆ ಇಲ್ಲಿನ ಟಿಡಿಎಸ್ ಮುಂದುವರಿಯಬಹುದು. ಎರಡು ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದ ಇದೆ, ಆದರೆ ಅದರ ಲಾಭ ತಾನಾಗಿ ಸಿಗುವುದಿಲ್ಲ, ಕೇಳಿ ಪಡೆಯಬೇಕು. ಆರು ತಿಂಗಳು ದಾಟುವ ಯೋಚನೆ ಇದ್ದರೆ ಹೊರಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಹೊರಡುವ ಮುನ್ನ ಡಿಜಿಟಲ್ ಆಗಮನ ಪತ್ರವನ್ನು ಆನ್‌ಲೈನ್‌ನಲ್ಲಿ ತುಂಬಬೇಕು; 2025ರ ಮೇಯಿಂದ ಇದು ಕಡ್ಡಾಯ. ಮನೆಗೆ ಸೇರಿದ 24 ಗಂಟೆಯೊಳಗೆ ಮಾಲೀಕರು ನಿಮ್ಮ ವಾಸವನ್ನು ಇಮಿಗ್ರೇಷನ್ ಕಚೇರಿಗೆ ತಿಳಿಸಬೇಕು. ಆ ರಸೀದಿಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ, ಮುಂದೆ ವಿಸ್ತರಣೆಗೆ ಹೋದಾಗ ಕೇಳಬಹುದು. ದೇಶ ಬಿಡದೆ 90 ದಿನ ಕಳೆದರೆ ವಿಳಾಸವನ್ನು ಮತ್ತೆ ವರದಿ ಮಾಡಬೇಕು, ತಪ್ಪಿದರೆ ದಂಡ.